ಒಂಟಿ ಜೀವದ ಮಸ್ಸೊಪ್ಪು

ರಾಮಾಂಜಿನಪ್ಪ ಮೇಷ್ಟ್ರು ಹಿತ್ತಲಲ್ಲಿ ನಿಂತು ಖಾಲಿ ಗಾಜಿನ ಭರಣಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದ ಕೊಂಡಮ್ಮನಿಗೆ ಅದನ್ನು ಕಂಡು ಒಳಗೊಳಗೇ ಖುಷಿಯಾಯಿತು. ಕೇಳಲಿ, ತಾವಾಗಿಯೇ ಬಾಯಿಬಿಟ್ಟು ಕೇಳಲಿ ಎಂದು ಕಾದಳು.

"ಕೊಂಡಮ್ಮನೋರೇ, ಇದರಲ್ಲಿದ್ದದ್ದು ಏನಾಯ್ತು?"

"ಸೊಪ್ಪು ತಾನೇ? ಬೆರಕೆ ಸೊಪ್ಪಿಗೆ ಸೇರಿಸ್ದೆ. ಗಂಡಸರು ಸೊಪ್ಪು ತಂದಿಟ್ಟು ಮರೆತೇಬಿಡ್ತೀರಿ. ಭಾನುವಾರ ಅಲ್ವಾ, ನಾನೇ ಬೇಯಿಸಿ ಮಸ್ಸೊಪ್ಪು ಮಾಡಿದೀನಿ. ಬನ್ನಿ ಊಟಕ್ಕೆ."

ಮೇಷ್ಟ್ರ ಮುಖ ಇಳಿದುಹೋಯಿತು.

ಗೌರಿಬಿದನೂರಿನ ಹೈಸ್ಕೂಲಿಗೆ ಸೈನ್ಸ್ ಹೇಳಿಕೊಡಲು ಬಂದ ಮೇಷ್ಟ್ರು ಕೊಂಡಮ್ಮನ ಹಿಂದಿನ ಕೋಣೆಗೆ ಬಾಡಿಗೆಗೆ ಸೇರಿ ವರ್ಷವಾಗಿತ್ತು. ಹೆಂಡತಿಯನ್ನು ಕಳೆದುಕೊಂಡ ಮನುಷ್ಯ. ಮಾತಾಡಿದರೆ ಎಲ್ಲಿ ಮುತ್ತು ಉದುರಿಬಿಡುತ್ತದೋ ಅನ್ನುವ ಹಾಗೆ ಓಡಾಡುತ್ತಿದ್ದರು. ಕೊಂಡಮ್ಮನದೋ ಬೇರೆ ಜಾಯಮಾನ. ಗಂಡ ಹೋಗಿ ಕಾಲವಾಗಿತ್ತು, ಮಕ್ಕಳು ಮರಿ ಇಲ್ಲ, ಮಾತು ಮಾತ್ರ ಹೊಟ್ಟೆತುಂಬ ಇತ್ತು. ಕೇಳುವುದಕ್ಕೆ ಒಲೆಯೊಂದು, ಕೋಳಿಗಳು ನಾಲ್ಕು. ಎದುರಿಗೆ ಇನ್ನೊಂದು ತಟ್ಟೆಯಿಲ್ಲದೆ ಉಣ್ಣುವುದೆಂದರೆ ಅವಳಿಗೆ ಜೈಲುಶಿಕ್ಷೆ. ಹಾಗಾಗಿ ಕಟ್ಟೆಯ ಮೇಲೆ ಮೇಷ್ಟ್ರು ನೀರಲ್ಲಿಟ್ಟಿದ್ದ ಹಸಿರು ಕಂಡದ್ದೇ ತಡ, ಅವರನ್ನು ಊಟಕ್ಕೆ ಕರೆಯಲು ನೆಪ ಸಿಕ್ಕಿತೆಂದು ಹಿಗ್ಗಿಹೋಗಿದ್ದಳು. ಅಲ್ಲದೆ ಈ ಸೀಮೆಯ ಹೆಂಗಸರ ಕಣ್ಣಿಗೆ ಬಿದ್ದ ಹಸಿರು ಯಾವುದು ತಾನೇ ಪಾತ್ರೆ ಸೇರದೆ ಉಳಿದೀತು! ಹೊಲದ ಬದುವಿನ ಅಣ್ಣೆ, ಕೆರೆಯಂಗಳದ ಹೊನಗೊನೆ, ಸಿಕ್ಕಿದ್ದೆಲ್ಲ ಬೆರಕೆಯೇ.

"ಅದು ಸೊಪ್ಪಲ್ಲಮ್ಮ. ನೋಡೋಕೆ ಗಿಡದ ಹಾಗಿದ್ರೂ ಕೆರೆ ಪಾಚಿ. ನಾಳೆ ಹುಡುಗರಿಗೆ ತೋರಿಸೋಕೆ ಅಂತ ಇಟ್ಟಿದ್ದೆ."

ಕೊಂಡಮ್ಮನ ಕೈಯಲ್ಲಿದ್ದ ಕೋಲು ನಿಂತಿತು. ಮುಗಿಯಿತು, ಈ ಮನುಷ್ಯ ಇನ್ನು ಕೋಣೆ ಖಾಲಿ ಮಾಡಿಕೊಂಡು ಹೋಗುವುದೇ ಸೈ. ಮಾತಾಡದಿದ್ದರೂ ಕೆಮ್ಮುವ ಸದ್ದಾದರೂ ಇತ್ತು, ಅದೂ ಇಲ್ಲವಾಗುತ್ತದೆ ಎನ್ನಿಸಿ ಅವಳಿಗೆ ಅಳುವೇ ಬಂತು.

"ಅಯ್ಯೋ ನಾಯನಾ, ಪಾಚೀನಾ? ಉಪ್ಪು ನೋಡೋಕೆ ಅಂತ ನಾನಾಗ್ಲೇ ಬಾಯಿಗೆ ಹಾಕ್ಕೊಂಡೆನಲ್ಲ."

ಮೇಷ್ಟ್ರು ಭರಣಿಯನ್ನು ಕೆಳಗಿಟ್ಟು ಅಡುಗೆಮನೆಯ ಹೊಸಿಲ ತನಕ ಬಂದರು. "ಹೇಗಿತ್ತು?"

"ಏನು ಹೇಗಿತ್ತು?"

"ರುಚಿ."

"ಹೇಗಿರ್ತದೆ... ಬೆಳ್ಳುಳ್ಳಿ ಹಾಕದೇನೇ ಬೆಳ್ಳುಳ್ಳಿ ವಾಸನೆ. ಹಲ್ಲಿಗೆ ಸಣ್ಣ ಮರಳು ಸಿಕ್ಕಂಗಾಗ್ತದೆ. ತಿನ್ನೋಕಾಗದ ಹಾಗೇನಿಲ್ಲ."

"ಬಡಿಸಿ ಹಾಗಾದ್ರೆ," ಎಂದು ಮೇಷ್ಟ್ರು ಗೋಡೆಗೊರಗಿ ಕೂತೇಬಿಟ್ಟರು.

ಮೊದಲ ತುತ್ತಿಗೆ ಕಣ್ಣು ಮುಚ್ಚಿಕೊಂಡರು. ಆಮೇಲೆ ಬಾಯಿ ತೆರೆದರು ನೋಡಿ, ಒಂದು ವರ್ಷದ ಮಾತು! "ನಮ್ಮ ಮೈಯಲ್ಲಿ ಕೋಟಿ ಕೋಟಿ ಜೀವಕೋಶ ಇದಾವಮ್ಮ, ಒಂದೂ ಬರಿಗಣ್ಣಿಗೆ ಕಾಣಲ್ಲ. ಈ ಪಾಚೀದು ನೋಡಿ, ಗೆಣ್ಣಿಂದ ಗೆಣ್ಣಿಗೆ ಬೆರಳುದ್ದ ಇದ್ರೂ ಒಂದೇ ಕೋಶ. ಒಳಗೆ ರಸ ಒಂದು ಗೋಡೆ ಹಿಡ್ಕೊಂಡು ಮೇಲಕ್ಕೆ ಹೋಗುತ್ತೆ, ಇನ್ನೊಂದು ಗೋಡೆ ಹಿಡ್ಕೊಂಡು ಕೆಳಕ್ಕೆ ಬರುತ್ತೆ. ಬದುಕಿರೋ ತನಕ ಅದೇ ಕೆಲಸ. ನಿಮ್ಮ ಕೋಳಿ ಮೊಟ್ಟೆಯ ಹಳದೀನೂ ಹೀಗೇ, ಒಂದೇ ಕೋಶ. ಅದರ ರುಚಿ ಲೋಕಕ್ಕೇ ಗೊತ್ತು. ಇದರ ರುಚಿ ಯಾರೂ ಹೇಳಿದ್ದು ನಾನು ಕೇಳಿಲ್ಲ."

"ಅಷ್ಟುದ್ದ ಮನೇಲಿ ಒಂಟಿ ಜೀವ ಅನ್ನಿ," ಎಂದಳು ಕೊಂಡಮ್ಮ. "ಮೇಲಕ್ಕೂ ಕೆಳಕ್ಕೂ ತಾನೇ ಓಡಾಡ್ಕೊಂಡು. ಪಾಪ, ಬೇಯಿಸಿಬಿಟ್ನಲ್ಲ."

ಮೇಷ್ಟ್ರು ನಗಲಿಲ್ಲ. "ತಿಂದು ನೋಡ್ಬೇಕು ಅಂತ ನನಗೆ ಬಹಳ ದಿನದಿಂದ ಆಸೆ. ಧೈರ್ಯ ಬರ್ಲಿಲ್ಲ. ಕೋಣೇಲಿ ಒಬ್ಬನೇ ತಿಂದು ಹೆಚ್ಚುಕಡಿಮೆ ಆದ್ರೆ ಕೇಳೋರು ಯಾರು?"

"ನಾನಿರಲಿಲ್ವಾ?"

ಮೇಷ್ಟ್ರು ತಟ್ಟೆಯಲ್ಲಿ ಉಳಿದದ್ದನ್ನು ಬಳಿದು ಬಾಯಿಗಿಟ್ಟುಕೊಂಡರು. "ವಿಷ ಇರಲಾರದು. ಆದ್ರೂ ಸಾಯಂಕಾಲದ ತನಕ ಒಬ್ಬರನ್ನೊಬ್ಬರು ನೋಡ್ಕೊಂಡಿರಣ. ಹೊಟ್ಟೆನೋವು ಗಿಟ್ಟೆನೋವು ಅಂದ್ರೆ ಹೇಳಿ."

ಹಾಗೆ ಇಬ್ಬರೂ ಜಗಲಿಗೆ ಬಂದು ಕೂತರು. ಮೇಷ್ಟ್ರು ತೀರಿಹೋದ ಹೆಂಡತಿ ಶ್ಯಾಮಲಮ್ಮನ ಸುದ್ದಿ ಹೇಳಿದರು, ಆಕೆಗೆ ಕಪ್ಪೆ ಕಂಡರೆ ಆಗುತ್ತಿರಲಿಲ್ಲವಂತೆ. ಕೊಂಡಮ್ಮ ಗಂಡನ ಕೋಪದ ಕಥೆ ಹೇಳಿ ತಾನೇ ನಕ್ಕಳು. ನಡುನಡುವೆ ಮೇಷ್ಟ್ರು "ಹೊಟ್ಟೆ ಹೇಗಿದೆ?" ಅನ್ನುವರು, ಅವಳು "ಇನ್ನೂ ಗೊತ್ತಾಗ್ತಿಲ್ಲ" ಅನ್ನುವಳು. ಅವಳ ಹೊಟ್ಟೆಯ ಯೋಗಕ್ಷೇಮವನ್ನು ಯಾರಾದರೂ ಕೇಳಿ ಯಾವ ಕಾಲವಾಗಿತ್ತೋ! ಹಿಂದೂಪುರದ ಉಗಿಬಂಡಿ ಹೊಗೆ ಬಿಟ್ಟುಕೊಂಡು ಹೋಯಿತು. ಬಿಸಿಲು ಜಗಲಿಯಿಂದ ಇಳಿಯಿತು. ಈ ಹೊತ್ತು ಹೀಗೇ ಇರಬಾರದೇ ಎಂದು ಅವಳಿಗೆ ಅನ್ನಿಸಿತು.

ದೀಪ ಹಚ್ಚುವ ಹೊತ್ತಿಗೆ ಮೇಷ್ಟ್ರು ಪಂಚೆ ಕೊಡವಿಕೊಂಡು ಎದ್ದರು. "ಇನ್ನೇನೂ ಆಗಲ್ಲ ಬಿಡಿ, ಗಂಡಾಂತರ ಕಳೀತು. ಬರ್ತೀನಿ."

ಕೋಣೆಯ ಬಾಗಿಲು ಹಾಕಿಕೊಂಡರೆ ಮತ್ತೆ ಬರೀ ಕೆಮ್ಮು. ಕೊಂಡಮ್ಮನ ಬಾಯಿಂದ ಮಾತು ತಾನಾಗಿ ಬಂದುಬಿಟ್ಟಿತು.

"ಮೇಷ್ಟ್ರೇ, ಈಗ ಸಣ್ಣಗೆ ನೋಯ್ತಾ ಇರೋ ಹಾಗಿದೆ."

ಮೇಷ್ಟ್ರ ಮುಖ ಬಿಳಿಚಿಕೊಂಡಿತು. "ಅಲುಗಾಡಬೇಡಿ, ಇಲ್ಲೇ ಇರಿ, ಡಾಕ್ಟರನ್ನ ಕರ್ಕೊಂಡು ಬರ್ತೀನಿ," ಎನ್ನುತ್ತ ಚಪ್ಪಲಿ ಕೂಡ ಮೆಟ್ಟದೆ ಬೀದಿಯ ತಿರುವಿನ ಕಡೆಗೆ ಓಡಿದರು. ಕೊಂಡಮ್ಮ ಕೂಗುವಷ್ಟರಲ್ಲಿ ಅವರು ಕತ್ತಲಲ್ಲಿ ಕಾಣದಾಗಿದ್ದರು. ಜಗಲಿಯ ಮೇಲೆ ಅವಳೊಬ್ಬಳೇ, ಏನೂ ಆಗದ ಹೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು.