ವಯಸ್ಸು ಐವತ್ತರ ಮೇಲೆ, ಓದು ಇಲ್ಲ

ಪಾತ್ರೆ ತೊಳೆಯುವಾಕೆ ಸೆರಗಿಗೆ ಕೈ ಒರೆಸಿಕೊಂಡು ಹಾಸ್ಟೆಲ್ಲಿನ ಹಿಂಬಾಗಿಲಿಗೆ ಬರುವಷ್ಟರಲ್ಲಿ, ಸೋಪಿನ ಕಂಪನಿಯ ಸಮೀಕ್ಷೆಗೆ ಬಂದಿದ್ದ ಹುಡುಗಿ ಆಕೆಯ ಹಾಳೆಯನ್ನು ತುಂಬಿಯೇ ಬಿಟ್ಟಿದ್ದಳು. ವಯಸ್ಸು ಐವತ್ತರ ಮೇಲೆ. ಓದು ಇಲ್ಲ. ಆದಾಯ, ಎಲ್ಲಕ್ಕಿಂತ ಕೆಳಗಿನ ಸಾಲು. ಪರಿಸರಕ್ಕೆ ಹಾನಿ ಮಾಡದ ಸೋಪು ಬಂದರೆ ಕೊಳ್ಳುತ್ತೀರಾ? ಇಲ್ಲ.

ಹುಡುಗಿ ಕೆಟ್ಟವಳೇನಲ್ಲ. ಹನ್ನೆರಡು ದಿನ ಬೀದಿ ಬೀದಿ ಅಲೆದು ಕಾಲು ಬಿದ್ದುಹೋಗಿತ್ತು, ಅಷ್ಟೆ. ಓದಿದವರು, ಸಂಬಳದವರು ಹೌದು ಅನ್ನುತ್ತಾರೆ, ಉಳಿದವರು ಇಲ್ಲ ಅನ್ನುತ್ತಾರೆ ಎಂದು ಮೇಲ್ವಿಚಾರಕ ಮೊದಲ ದಿನವೇ ಹೇಳಿಕೊಟ್ಟಿದ್ದ. ಆಮೇಲೆ ಮುಖ ನೋಡಿ ಉತ್ತರ ಬರೆಯುವುದು ಅವಳಿಗೆ ನೀರು ಕುಡಿದಷ್ಟು ಸಲೀಸಾಯಿತು.

"ಹೊಸ ಸೋಪು ಬರುತ್ತಂತೆ, ಅದೇನಮ್ಮ?" ಆಕೆ ಮೆಟ್ಟಿಲ ಮೇಲೆ ಕೂತಳು.

"ಗಿಡದ ಎಣ್ಣೇಲಿ ಮಾಡಿದ್ದು. ನೀರೂ ಕೆಡಲ್ಲ, ಕೈಯೂ ಕೆಡಲ್ಲ."

"ಕೈ ಕೆಡಲ್ವಾ?" ಆಕೆ ಎರಡೂ ಅಂಗೈ ಬಿಚ್ಚಿ ತೋರಿಸಿದಳು. ಚರ್ಮ ಸುಲಿದು ಬೆರಳ ಸಂದುಗಳಲ್ಲಿ ಕೆಂಪು ಮಾಂಸ ಕಾಣುತ್ತಿತ್ತು. "ಇಲ್ಲಿನ ಪಾತ್ರೆ ಪುಡಿಯಿಂದ ಹೀಗಾಯ್ತು. ಇನ್ನೂ ಮುಟ್ಟಿದ್ರೆ ಬೆರಳು ಉಳಿಯಲ್ಲ ಅಂತಾರೆ ಡಾಕ್ಟ್ರು. ಮುಟ್ಟದೆ ಕೂತ್ರೆ ನನಗ್ಯಾರು ಊಟ ಹಾಕ್ತಾರೆ? ಎಲ್ಲಿ ಸಿಗುತ್ತಮ್ಮ ಆ ಸೋಪು?"

"ಇನ್ನೂ ಎಲ್ಲೂ ಬಂದಿಲ್ಲ. ಬೇಕು ಅಂದವರು ಜಾಸ್ತಿ ಇರೋ ಬೀದಿಗೆ ಮಾತ್ರ ಕೊಡ್ತಾರೆ."

"ಹಾಗಾದ್ರೆ ನನ್ನದು ಬೇಕು ಅಂತ ಬರ್ಕೋ. ಒಂದು ಹೊತ್ತು ಉಪವಾಸ ಬಿದ್ದಾದ್ರೂ ತಗೋತೀನಿ. ಈ ಬೀದೀಲಿ ಪಾತ್ರೆ ತೊಳೆಯೋರು ಇನ್ನೂ ಏಳು ಜನ ಇದ್ದಾರೆ. ಅವರನ್ನೂ ಕೇಳಿದ್ಯಾ?"

ಕೇಳಿರಲಿಲ್ಲ, ಬರೆದಿದ್ದಳು. ಆ ಏಳು ಹಾಳೆಗಳೂ ಅವಳ ಚೀಲದಲ್ಲೇ ಇದ್ದವು.

ತಿದ್ದಿದ ಒಂದು ಹಾಳೆ ಕಂಡರೆ ಸಾಕು, ಮೇಲ್ವಿಚಾರಕ ಇಡೀ ಕಟ್ಟನ್ನೇ ಬಿಚ್ಚಿ, ಒಂದೊಂದು ಮನೆಗೂ ಫೋನ್ ಮಾಡಿ ವಿಚಾರಿಸುತ್ತಿದ್ದ. ಹಾಗೆ ಸಿಕ್ಕಿಬಿದ್ದ ಇಬ್ಬರು ಸಮೀಕ್ಷೆಯವರನ್ನು ಮೊನ್ನೆಯೇ ಕೆಲಸ ಬಿಡಿಸಿ ಮನೆಗೆ ಕಳಿಸಿದ್ದ. ಹುಡುಗಿ ಪೆನ್ನನ್ನು ಹಾಳೆಗೆ ತಾಗಿಸದೆ ಬರೆದಂತೆ ಆಡಿಸಿದಳು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

"ಬರ್ಕೊಂಡೆ, ಅಮ್ಮಾ."

"ಎಲ್ಲಿ, ತೋರಿಸು."

ಹುಡುಗಿ 'ಇಲ್ಲ' ಎಂಬುದರ ಮುಂದಿದ್ದ ಗುರುತನ್ನು ತೋರಿಸಿದಳು. ಆಕೆ ಹಾಳೆಗೆ ಕಲೆಯಾಗದಂತೆ ಅಂಚನ್ನಷ್ಟೇ ಹಿಡಿದು ಬಹಳ ಹೊತ್ತು ನೋಡಿದಳು.

"ತೀರಾ ತೆಳ್ಳಗಿದೆಯಲ್ಲಮ್ಮ. ಯಾರ ಕಣ್ಣಿಗೂ ಬೀಳಲ್ಲ. ಇನ್ನೊಂದು ಸಲ ಒತ್ತಿ ಎಳಿ."

ಹುಡುಗಿ ಒತ್ತಿ ಎಳೆದಳು.