ಒಡೆದ ಮಾವಿನ ಹಾಲು

ಮಾವಿನ ರಸ ಬೆರೆಸಿದ ಹಾಲು ಇಂದಿಗೂ ಎಲ್ಲಾದರೂ ಒಡೆದರೆ, ಅದರ ಹುಳಿ ವಾಸನೆಯಲ್ಲಿ ಹಾನಗಲ್ಲಿನ ನಮ್ಮ ಮನೆಯ ಆ ಮಧ್ಯಾಹ್ನ ಎದುರು ನಿಲ್ಲುತ್ತದೆ.

ಮುಟ್ಟಾಗಿದ್ದ ಅಕ್ಕನನ್ನು ಮೈಲಿಗೆಯೆಂಬ ಅನ್ಯಾಯವು ಪಡಸಾಲೆಯ ಮೂಲೆಯಲ್ಲಿ, ಗೋಣಿಚೀಲದ ಮೇಲೆ ಕೂರಿಸಿತ್ತು. ಒಳಗೆ ಅವ್ವ ಬಿಸಿ ಹಾಲಿಗೆ ರಸ ಸುರಿದಳು. ಹಾಲು ಒಡೆದು ಗಂಟುಗಂಟಾಗಿ ತೇಲಿತು.

“ಈಕಿ ನೆರಳು ಬಿತ್ತು, ಅದಕ್ಕ ಒಡೀತು. ಇನ್ನ ದನದ ಕೊಟ್ಟಗ್ಯಾಗ ಕುಂದರಸು,” ಎಂದಳು ಅಜ್ಜಿ.

“ಯವ್ವಾ, ಹಣ್ಣು ಹುಳಿ ಇರಬೇಕು. ನೀನರ ರುಚಿ ನೋಡ,” ಎಂದು ಅಕ್ಕ ಅಂಗಲಾಚಿದಳು.

ಅವ್ವ ಉಳಿದ ರಸದಲ್ಲಿ ಬೆರಳದ್ದಿ ನೆಕ್ಕಿದಳು. ಅವಳ ಕಣ್ಣು ಕಿರಿದಾದವು. ಹಲ್ಲು ಜುಮ್ಮೆಂದು ದವಡೆ ಬಿಗಿಯಿತು.

“ಹೆಂಗೈತಿ?” ಎಂದಳು ಅಜ್ಜಿ.

ಅವ್ವ ತಲೆಯ ಮೇಲಿನ ಸೆರಗನ್ನು ಇನ್ನಷ್ಟು ಮುಂದೆಳೆದುಕೊಂಡಳು.

“ಸಿಹಿ ಐತ್ರಿ, ಅತ್ತಿ.”

ಅಕ್ಕ ಎದ್ದು, ತನ್ನ ಗೋಣಿಚೀಲವನ್ನು ತಾನೇ ಸುತ್ತಿಕೊಂಡು ಕೊಟ್ಟಿಗೆಯತ್ತ ನಡೆದಳು.