ಒಂದು ಕಳೆದ ಮೇಲೆ

ಕಂಪೆನಿಯ ಗಣಿತದ ಸಾಫ್ಟ್‌ವೇರ್ ಲೈಬ್ರರಿಯಲ್ಲಿ ತಪ್ಪು ಹುಡುಕಿಕೊಡಲು ಕರೆಸಿದ್ದ ನಿವೃತ್ತ ಪ್ರೊಫೆಸರು ತಂಡದ ಹುಡುಗಿಯೊಬ್ಬಳು ಬರೆದ ಕೋಡನ್ನು ದೊಡ್ಡ ಪರದೆಯ ಮೇಲೆ ಹಾಕಿಸಿದರು. ಇಡೀ ತಂಡ ಎದುರಿಗೆ ಕೂತಿತ್ತು.

“ಇ ಪವರ್ ಎಕ್ಸ್, ಅದರಲ್ಲಿ ಒಂದು ಕಳೀಬೇಕು. ಎಕ್ಸ್ ತೀರಾ ಸಣ್ಣದಾದಾಗ ನಿಮ್ಮ ಕೋಡಲ್ಲಿ ಉತ್ತರ ಎಷ್ಟು ಬರುತ್ತಮ್ಮಾ?”

“ಸೊನ್ನೆ, ಸರ್.”

“ಬರಬೇಕಾದ್ದು?”

“ಹೆಚ್ಚುಕಡಿಮೆ ಎಕ್ಸೇ ಬರಬೇಕು, ಸರ್.”

“ಮತ್ತೆ? ಅಷ್ಟು ಸಣ್ಣದನ್ನ ಒಂದರ ಪಕ್ಕ ನಿಲ್ಲಿಸಿದ್ರೆ ಕಂಪ್ಯೂಟರ್ ಕಣ್ಣಿಗೆ ಅದು ಬೀಳೋದೇ ಇಲ್ಲ. ಆಮೇಲೆ ಒಂದನ್ನ ಕಳೆದ್ರೆ ಉಳಿಯೋದೇನು, ಮಣ್ಣಾ? ಹೀಗೆ ನೇರವಾಗಿ ಕಳೀಬಾರದು ಅಂತ ಗೊತ್ತಿಲ್ವಾ?”

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಅವಳ ಕಿವಿಯೆಲ್ಲ ಕೆಂಪಾಯಿತು.

“ಕಾಲೇಜಲ್ಲಿ ಹೀಗೇ ಮಾಡಿ ಅಂತ ಹೇಳಿಕೊಟ್ಟಿದ್ರು, ಸರ್.”

“ಯಾರಮ್ಮಾ ಆ ಪುಣ್ಯಾತ್ಮ? ಹೆಸರು ಹೇಳಿ, ಎಲ್ಲರೂ ಕೇಳಲಿ.”

“ಬೇಡ, ಸರ್.”

“ಅಯ್ಯೋ, ಅವನ ಮಾನ ನೀವ್ಯಾಕೆ ಕಾಯ್ತೀರಿ? ಹೇಳಿ!”

ಅವಳು ತಗ್ಗಿಸಿದ ತಲೆ ಎತ್ತಲಿಲ್ಲ.

“ನಿಮ್ಮ ಕ್ಲಾಸಲ್ಲಿ ನಾನು ಕಡೇ ಬೆಂಚು, ಸರ್. ಕಣ್ಣಿಗೆ ಬಿದ್ದಿರಲಿಕ್ಕಿಲ್ಲ.”